ಮೊದಲ ಆರು ವಾರ ಪ್ರಶ್ನೆಗಳಿಲ್ಲ

‘ದಿಸ್ ಈಸ್ ಮೈ ಕಪ್. ದಿಸ್ ಈಸ್ ಮೈ ಚೇರ್. ಐ ಆ್ಯಮ್ ಕಮಲಾ. ಐ ಲಿವ್ ಇನ್ ವಿಲೆಟನ್.’ ಒಂದೊಂದು ವಾಕ್ಯ ಮುಗಿದಾಗಲೂ ಅತ್ತೆ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದ ವೇದಾಳಿಗೆ ಬೆನ್ನ ಹಿಂದೆ ಆ ಚುಕ್ಕಿ ಬೀಳುವುದು ಕೇಳಿಸುತ್ತಿತ್ತು. ಕೇಳಿಸುವಂಥದ್ದಲ್ಲ ಅದು, ಆದರೂ ಕೇಳಿಸುತ್ತಿತ್ತು. ನಾಲಿಗೆಗೆ ಹಚ್ಚಬೇಡಿ ಎಂದು ಏಪ್ರಿಲ್‌ನಿಂದ ಹೇಳಿದ್ದಾಳೆ. ಈಗ ಆಗಸ್ಟ್. ನಾಲ್ಕು ತಿಂಗಳಿಂದ ಅದೇ ಕಪ್ಪು, ಅದೇ ಕುರ್ಚಿ. ಇಬ್ಬರೂ ಮುಖ ಗಂಟಿಕ್ಕಿಕೊಂಡು ದಿನಾ ಬೆಳಿಗ್ಗೆ ಎಂಟೂವರೆಗೆ ಈ ಮೇಜಿನ ಹತ್ತಿರ ಬರುತ್ತಾರೆ, ಯಾರೋ ವಿಧಿಸಿದ ಶಿಕ್ಷೆಯ ಹಾಗೆ. ವಿಧಿಸಿದವರು ಯಾರೂ ಇಲ್ಲ. ವೇದಾಳ ಗಂಡ ವಸಂತ ಸತ್ತು ಎಂಟು ತಿಂಗಳಾದ ಮೇಲೆ ಒಂದು ದಿನ ಅತ್ತೆ ತಾವೇ ಉಲ್‌ವರ್ತ್ಸ್‌ನಿಂದ ಎರಡು ಗೆರೆಯ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟು, “ನೀನು ಎಂ.ಎ. ಇಂಗ್ಲಿಷ್ ಅಲ್ವೇನೇ, ನಂಗೂ ನಾಲ್ಕು ಮಾತು ಕಲಿಸು” ಎಂದಿದ್ದರು. ಯಾಕೆ ಎಂದು ಇವಳು ಕೇಳಲಿಲ್ಲ. ಕೇಳದೆಯೇ ಗೊತ್ತಾಗಿತ್ತು. ಗೊತ್ತಾದ್ದಕ್ಕೇ ಸಿಟ್ಟು ಬಂದಿತ್ತು.

“ವೇದಾ, ಆವತ್ತು ಏನಾಯ್ತು ಅಂತ ಕೇಳ್ಬೇಕಾದ್ರೆ ಹ್ಯಾಗೆ ಹೇಳ್ಬೇಕು?”

“ಪ್ರಶ್ನೆಗಳು ಇನ್ನೂ ಮಾಡಿಲ್ಲ ಅತ್ತೆ ನಾವು.”

“ಮಾಡು ಮತ್ತೆ. ನಮ್ಮನೆ ಕುರ್ಚಿ ಸಮಾಚಾರ ಆ ನರ್ಸಿಗ್ಯಾಕೆ?”

“ನಾನಿರ್ತೀನಲ್ಲ. ನೀವು ಕನ್ನಡದಲ್ಲಿ ಹೇಳಿ, ನಾನು ಕೇಳ್ತೀನಿ.”

ಅತ್ತೆ ನೋಟ್‌ಬುಕ್ಕು ಮುಚ್ಚಿದರು. “ಹೋದ ಸಲಾನೂ ನೀನೇ ಕೇಳಿದ್ದು, ನೀನೇ ಹೇಳಿದ್ದು,” ಎಂದರು. ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ವೇದಾಳಿಗೆ ತಿಳಿಯಲಿಲ್ಲ. ತಿರುಗಿ ಮುಖ ನೋಡುವ ಧೈರ್ಯವಾಗದೆ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು.

ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಲ್ಲಿ ಸಿಕ್ಕಿಸಿದ್ದ ಕಾಗದ ಆಸ್ಪತ್ರೆಯದು. ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡವರ ಮನೆಯವರನ್ನು ಒಂದು ವರ್ಷದ ಮೇಲೆ ಕರೆದು, ಆಗ ಹತ್ತಿರವಿದ್ದ ನರ್ಸಿನ ಜೊತೆ ಕೂರಿಸಿ ಮಾತಾಡಿಸುತ್ತಾರಂತೆ, ಕೇಳಬೇಕೆನಿಸಿದ್ದು ಕೇಳಬಹುದಂತೆ. ಇವತ್ತು ಮಧ್ಯಾಹ್ನಕ್ಕೆ ಬರಹೇಳಿದ್ದರು. ವೇದಾಳ ಹೆಸರಿಗೆ ಬಂದಿದ್ದನ್ನು ಅವಳು ಒರೆಸುವ ಬಟ್ಟೆಗಳ ಕೆಳಗೆ ಡ್ರಾಯರಿನಲ್ಲಿಟ್ಟು ಮರೆತಳು, ಅಂದರೆ ದಿನಕ್ಕೆ ಹತ್ತು ಸಲ ನೆನೆದಳು. ತಾಯಿಯ ಹೆಸರಿಗೆ ಬೇರೆಯೇ ಒಂದು ಬರುತ್ತದೆಂದು ಅವಳಿಗೇನು ಗೊತ್ತು? ಅತ್ತೆ ಟಪಾಲು ಪೆಟ್ಟಿಗೆಯಿಂದ ಅದನ್ನು ತೆಗೆದು, ತಮ್ಮ ಹೆಸರು, ಮಗನ ಹೆಸರು, ಆಗಸ್ಟ್ ಎಂಬುದನ್ನು ಬೆರಳಿಟ್ಟು ಓದಿಕೊಂಡು, ಎರಡು ಮನೆ ಆಚೆಯ ರೋಸ್ಲಿನ್‌ಗೆ ತೋರಿಸಿ ಪೂರ್ತಿ ತಿಳಿದುಕೊಂಡೇ ಮನೆಯೊಳಗೆ ಬಂದಿದ್ದರು. ಓದಲು ಕಲಿಸಿದವಳು ವೇದಾಳೇ. ಆವತ್ತು ಎರಡು ಗಂಟೆ ಕಾಲ ಅವಳಿಗೆ ತನ್ನ ಮೇಲೇ ಉರಿದುಹೋಗಿತ್ತು.

ಪ್ರಶ್ನೆ ಕಲಿಸದ ಉಪಾಯ ಅವಳ ಸ್ವಂತದ್ದಲ್ಲ. ಮದುವೆಯಾಗಿ ಬಂದ ಹೊಸತು ವಸಂತ ಅಡಿಲೇಡಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ; ವಿಲೆಟನ್ನಿಗೆ ಬಂದದ್ದು ಆಮೇಲೆ. ಹಗಲೆಲ್ಲ ಫ್ಲ್ಯಾಟಿನ ಗೋಡೆ ನೋಡಲಾರದೆ ಇವಳು ಚರ್ಚಿನ ಹಿಂದಿನ ಹಾಲಿನಲ್ಲಿ ಹೊಸದಾಗಿ ಬಂದವರಿಗೆ ಸಂಬಳವಿಲ್ಲದೆ ಇಂಗ್ಲಿಷ್ ಹೇಳಿಕೊಡಲು ಹೋಗುತ್ತಿದ್ದಳು. ಅಲ್ಲಿನ ಮುಖ್ಯಸ್ಥೆ, ನಿವೃತ್ತ ಟೀಚರು, ಒಂದು ಪದ್ಧತಿ ಇಟ್ಟುಕೊಂಡಿದ್ದಳು: ಮೊದಲ ಆರು ವಾರ ಬರೀ ಹೇಳಿಕೆ. ಪ್ರಶ್ನೆ ಬೇಡ, ‘ಇಲ್ಲ’ ‘ಅಲ್ಲ’ ಬೇಡ. ತನಗೆ ಏನಿದೆ, ತಾನು ಯಾರು ಎಂದು ಹೇಳಿ ಹೇಳಿ ಜನಕ್ಕೆ ಧೈರ್ಯ ಬರುತ್ತದಂತೆ. ವೇದಾ ಮೈಸೂರಿನಲ್ಲಿ ಚಿನ್ನದ ಪದಕ ತೆಗೆದುಕೊಂಡವಳು. ಆ ಪದ್ಧತಿ ಮೂರ್ಖತನವೆಂದು ಮೊದಲ ದಿನವೇ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ಬಾಸ್ನಿಯಾದಿಂದ ಓಡಿಬಂದಿದ್ದ ಮುದುಕನೊಬ್ಬ ಮುಂದಿನ ಸಾಲಿನಲ್ಲಿ ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡು ಕೂರುತ್ತಿದ್ದ. ನನಗೊಂದು ಮನೆಯಿದೆ, ಮನೆಗೆ ಆರು ಕಿಟಕಿಯಿವೆ, ನನಗೊಬ್ಬ ಅಣ್ಣನಿದ್ದಾನೆ ಎಂದು ದುಂಡಗೆ ಬರೆದು ತೋರಿಸಿದ. ಆ ಮನೆ ಸುಟ್ಟುಹೋಗಿದೆ, ಅಣ್ಣ ಅದರೊಳಗೇ ಇದ್ದ ಎಂದು ಎಲ್ಲರಿಗೂ ಗೊತ್ತಿತ್ತು. ಮುಖ್ಯಸ್ಥೆ ಪಕ್ಕದಲ್ಲೇ ನಿಂತಿದ್ದಳು. ವೇದಾ ಮೂರು ವಾಕ್ಯಕ್ಕೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ‘ವೆರಿ ಗುಡ್’ ಎಂದಳು. ಮುದುಕ ಎದ್ದು ನಿಂತು ತಲೆಬಾಗಿ ವಂದಿಸಿದ. ಸಂಜೆ ವಸಂತನಿಗೆ ಹೇಳಿದಾಗ ಅವನು ಶೂ ಬಿಚ್ಚುತ್ತಾ, “ಕ್ಲಾಸಲ್ಲಿ ಸಿಟ್ಟು ಬಂದ್ರೆ ಕ್ಲಾಸಲ್ಲೇ ಮಾಡ್ಬೇಕು ಕಣೆ. ಮನೆಗೆ ತಂದು ನನ್ಮೇಲೆ ಹಾಕಿದ್ರೆ?” ಎಂದು ನಕ್ಕಿದ್ದ. ಅವನಿಗೆ ಎಲ್ಲವೂ ಸುಲಭ. ಜನರನ್ನು ಮಲಗಿಸಿ ಎಬ್ಬಿಸುವ ಡಾಕ್ಟರು; ಅರಿವಳಿಕೆ ಕೊಡುವುದು ಅವನ ಕೆಲಸ. ತಾನು ಮಾತ್ರ ಮೂವತ್ನಾಲ್ಕನೇ ವಯಸ್ಸಿಗೆ ಸ್ನಾನದ ಮನೆಯಲ್ಲಿ ಕುಸಿದುಬಿದ್ದು ಮೂರು ದಿನ ಮಲಗಿ, ಏಳಲಿಲ್ಲ. ಏಳದಿದ್ದರೆ ಏನು ಮಾಡಬೇಕು ಎಂದು ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ದಿನಾ ಅದನ್ನೇ ನೋಡುತ್ತಿದ್ದವನು. ಒಂದು ಮಾತು.

ಮೂರನೇ ದಿನ ಕಿರುಕೋಣೆಯೊಂದರಲ್ಲಿ ದೊಡ್ಡ ಡಾಕ್ಟರು ಅವಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ದುಭಾಷಿ ಬೇಕೇ ಎಂದು ಕೇಳಿದರು. ಕನ್ನಡದವರು ಸಿಗುವುದು ಕಷ್ಟ, ಆದರೂ ಫೋನಿನಲ್ಲಿ ಹುಡುಕಿಸಬಹುದು ಎಂದರು. ಬೇಡ, ನಾನೇ ಹೇಳುತ್ತೇನೆ ಎಂದಳು ವೇದಾ. ಆ ಗಳಿಗೆಯಲ್ಲೂ ಅವಳೊಳಗೆ ಒಂದು ಸಣ್ಣ ಜಂಬ ತಲೆಯೆತ್ತಿತ್ತು. ತನ್ನ ಇಂಗ್ಲಿಷಿಗೆ ದುಭಾಷಿಯೇ? ಡಾಕ್ಟರು, ಮಿದುಳು ಹೋಗಿದೆ, ಉಸಿರಾಡುತ್ತಿರುವುದು ಮೆಷಿನ್ನು, ನಿಲ್ಲಿಸುವುದೇ ಸರಿಯೆಂದು ನಮಗೆಲ್ಲ ಅನ್ನಿಸುತ್ತದೆ, ನೀವು ಒಪ್ಪುತ್ತೀರಾ ಎಂದರು. ಅತ್ತೆ ಅವಳ ಮೊಳಕೈ ಹಿಡಿದು, ಏನಂತೆ ಏನಂತೆ ಎಂದರು. “ನೋಡೋಣ ಅಂತಿದಾರೆ ಅತ್ತೆ. ದೇವರ ಮೇಲೆ ಭಾರ ಹಾಕಿ ಅಂತಿದಾರೆ.” ಆ ಡಾಕ್ಟರಿಗೆ ದೇವರ ಸುದ್ದಿಯೇ ಇರಲಿಲ್ಲ. ಆಮೇಲೆ ಕಾರಿಡಾರಿನ ಫೋನಿನಿಂದ ಬ್ರಿಸ್ಬೇನಿಗೆ, ವಸಂತನ ಅಣ್ಣ ವೇಣುಗೋಪಾಲನಿಗೆ ಮಾಡಿದಳು. “ನೀನೇ ಅಲ್ಲಿದೀಯಲ್ಲಮ್ಮ. ನಿಂಗೆ ಸರಿ ಅನ್ಸಿದ್ದು ಮಾಡು. ಅಮ್ಮಂಗೆ ಮಾತ್ರ ಹೇಳ್ಬೇಡ, ತಡ್ಕೊಳಲ್ಲ ಅವಳು. ನಾಳೆ ಬೆಳಗಿನ ಫ್ಲೈಟಿಗೆ ಬರ್ತೀನಿ,” ಎಂದು ಇಟ್ಟುಬಿಟ್ಟ. ವೇದಾ ವಾಪಸು ಹೋಗಿ ಡಾಕ್ಟರಿಗೆ ‘ಯೆಸ್’ ಎಂದಳು. ಜೊತೆಗೆ ಬಂದಿದ್ದ ರೋಸ್ಲಿನ್‌ಗೆ ಇಂಗ್ಲಿಷಿನಲ್ಲಿ, ಅತ್ತೆಯನ್ನು ಕೆಳಗೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಕೂರಿಸಿಕೋ ಎಂದಳು. ಅವರಿಬ್ಬರೂ ಮರಳಿ ಬಂದಾಗ ಎಲ್ಲ ಮುಗಿದಿತ್ತು. “ತಾನಾಗೇ ಹೋದರು ಅತ್ತೆ, ನಿದ್ದೇಲಿ ಹೋದ ಹಾಗೆ,” ಎಂದಳು. ಇಡೀ ವರ್ಷ ಅದನ್ನೇ ಹೇಳಿದ್ದಾಳೆ. ಯುಗಾದಿಯ ದಿನ ಕನ್ನಡ ಸಂಘದವರು ಬಾಡಿಗೆಗೆ ಹಿಡಿದ ಹಾಲಿನಲ್ಲಿ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದ ಹೆರಿಗೆ ಡಾಕ್ಟರಮ್ಮ ಇವಳ ಮುಂದೆ ಬಂದು ತಡೆದು, “ಓ, ಸಾರಿ, ಸಾರಿ ಕಣ್ರೀ,” ಎಂದು ತಟ್ಟೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋದಾಗಲೂ, ಅತ್ತೆ ತಮ್ಮ ಪಕ್ಕದವಳಿಗೆ ಅದೇ ಹೇಳುತ್ತಿದ್ದರು: ನನ್ನ ಮಗ ನಿದ್ದೆಯಲ್ಲಿ ಹೋದ, ತಾನಾಗೇ ಹೋದ, ಪುಣ್ಯವಂತ.

ಭಾನುವಾರಗಳಂದು ವೇಣುಗೋಪಾಲ ಫೋನ್ ಮಾಡುತ್ತಾನೆ. ಫಾರೆಸ್ಟ್ ಲೇಕ್ ಎಂಬ ಬಡಾವಣೆಯಲ್ಲಿ ಹೊಸ ಮನೆ, ಕೆರೆ ಸುತ್ತ ಸಿಮೆಂಟಿನ ದಾರಿ, ಅಮ್ಮನಿಗೆ ವಾಕಿಂಗಿಗೆ ಹೇಳಿ ಮಾಡಿಸಿದ್ದು. ಕೆರೆ ತೋಡಿ ನೀರು ತುಂಬಿದ್ದು ಮನೆ ಮಾರಿದವರೇ. ಅದನ್ನೂ ತಾನೇ ತೋಡಿದವನ ಹಾಗೆ ಹೇಳುತ್ತಾನೆ. “ನೀನು ಒಬ್ಳೇ ಯಾಕಮ್ಮ ಅಮ್ಮನ ಜವಾಬ್ದಾರಿ ಹೊತ್ಕೊಂಡು ಒದ್ದಾಡ್ಬೇಕು?” ಎನ್ನುತ್ತಾನೆ. ಒಂದೇ ಒಂದು ದಿನವೂ ಆಸ್ಪತ್ರೆಯಿಂದ ಮಾಡಿದ ಆ ಫೋನಿನ ವಿಷಯ ಎತ್ತಿಲ್ಲ. ಅವನ ಮಾತಿನಲ್ಲಿ ಒದ್ದಾಟವೆಂದರೆ ಅತ್ತೆ. ಅತ್ತೆ ಹೋದರೆ ಈ ಮನೆಯಲ್ಲಿ ಉಳಿಯುವುದು ಏನೆಂದು ವೇದಾ ಒಂದು ಸಲ ಯೋಚಿಸಿದ್ದಳು. ಹೈಸ್ಕೂಲಿನ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಬೇರೆಯವರ ಪಾಠದ ಹಾಳೆ ಜೆರಾಕ್ಸ್ ಮಾಡುವುದು, ಮನೆಗೆ ಬಂದು ಬೀಗ ತೆಗೆಯುವುದು. ಪೆನ್ಸಿಲು ನೆಕ್ಕುವ ಈ ಮುದುಕಿ ಬೇಕು ತನಗೆ. ನಿಜ ತಿಳಿದರೆ ಇವರು ಇರುವುದಿಲ್ಲ, ಅದೂ ಖಂಡಿತ. ಎರಡನ್ನೂ ಒಟ್ಟಿಗೆ ಯೋಚಿಸಿದಾಗ ಬರುತ್ತಿದ್ದುದು ದುಃಖವಲ್ಲ, ಸಿಟ್ಟು. ಅಳುವವರನ್ನು ಕಂಡರೆ ಈಗೀಗ ಅವಳಿಗೆ ಹೊಟ್ಟೆಕಿಚ್ಚು.

ಒಂದೂಕಾಲಿಗೆ ರೋಸ್ಲಿನ್ ಕಾರು ತಂದು ನಿಲ್ಲಿಸಿದಳು. ಮಂಗಳೂರಿನ ಕಡೆಯವಳು, ಹನ್ನೊಂದು ವರ್ಷ ಕುವೈತಿನಲ್ಲಿದ್ದು, ಗಂಡ ವಾಲ್ಟರ್‌ಗೆ ಫ್ರೀಮ್ಯಾಂಟಲ್ ಬಂದರಿನಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದವಳು. ಅತ್ತೆ ನೀಲಿ ಕೋಟಿನ ಮೇಲೆ ಸೆರಗು ಎಳೆದುಕೊಳ್ಳುತ್ತಾ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅವಳು ವೇದಾಳನ್ನು ಕಾರಿನ ಆಚೆ ಬದಿಗೆ ಎಳೆದಳು.

“ಅಮ್ಮನಿಗೆ ಹೇಳಿದ್ದುಂಟಾ?”

“ಇಲ್ಲ.”

“ಎಂಥದು ಮಾರಾಯ್ತಿ! ಆ ನರ್ಸ್ ಬಾಯಿಬಿಟ್ಟರೆ? ಅವಳಿಗೆ ಎಂಥ ಗೊತ್ತುಂಟು ನಮ್ಮ ಕತೆ?”

“ಇಂಗ್ಲಿಷಿನಲ್ಲಿ ತಾನೇ ಬಿಡೋದು. ನಾನಿರ್ತೀನಲ್ಲ.”

“ನೀನಿರ್ತಿ,” ಎಂದಳು ರೋಸ್ಲಿನ್. “ಅದೇ ನನಗೆ ಹೆದರಿಕೆ. ನಾನು ಒಂದು ವರ್ಷದಿಂದ ಪಾದ್ರಿಯ ಹತ್ತಿರ ಕನ್ಫೆಶನ್‌ಗೆ ಮೊಣಕಾಲೂರಿದಾಗೆಲ್ಲ ಇದೊಂದನ್ನು ಹೇಳಬೇಕೋ ಬೇಡವೋ ಅಂತ ಒದ್ದಾಡುವುದು. ಪಾಪ ನಿಂದು, ಮೊಣಕಾಲು ನೋವು ನಂದು.”

ಅತ್ತೆ ಬಂದರು. “ಏನದು ಗುಸುಗುಸು?”

“ಎಂಥ ಇಲ್ಲ ಅಮ್ಮ. ನಿಮ್ಮ ಕೋಟು ನೋಡಿ ಕ್ವೀನ್ ಹಾಗೆ ಕಾಣ್ತಾರೆ ಅಂತ ಹೇಳಿದ್ದು.”

“ಕ್ವೀನಿಗೆ ಚಪ್ಪಲಿ ಸಿಗ್ತಿರಲಿಲ್ಲ,” ಎಂದು ಅತ್ತೆ ಮುಂದಿನ ಸೀಟಿನಲ್ಲಿ ಕೂತರು.

ಫ್ರೀವೇಯ ಎಡಕ್ಕೆ ನದಿ ಬಂತು, ಬಿಸಿಲಿಗೆ ಹೊಳೆಯುತ್ತಿತ್ತು. ಮುಂದೆ ಅತ್ತೆ ತುಟಿ ಅಲುಗಿಸುತ್ತಿದ್ದರು. ಐ ಆ್ಯಮ್ ಹಿಸ್ ಮದರ್. ಐ ಆ್ಯಮ್ ಹಿಸ್ ಮದರ್. ಹಿಂದಿನ ಸೀಟಿನಲ್ಲಿ ವೇದಾ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದಳು: ನರ್ಸು ಏನೇ ಹೇಳಲಿ, ಕನ್ನಡದಲ್ಲಿ ಏನು ಹೇಳುವುದು. ಬಹಳ ಶಾಂತವಾಗಿದ್ದರಂತೆ. ನೋವಿರಲಿಲ್ಲವಂತೆ. ನೀವು ಹ್ಯಾಗಿದೀರಿ ಅಂತ ಕೇಳ್ತಿದಾಳೆ. ಇಷ್ಟು ಚೆನ್ನಾಗಿ ಸುಳ್ಳು ಜೋಡಿಸಲು ಬರುತ್ತದಲ್ಲ, ಇದೇ ಬಾಯಿಂದ ಅಡಿಲೇಡಿನಲ್ಲಿ ಸಂಬಳದ ಕೆಲಸ ಕೇಳಿದಾಗ, ವಿದ್ಯಾರ್ಥಿಗಳಿಗೆ ಇಲ್ಲಿಯ ಉಚ್ಚಾರ ಕಿವಿಗೆ ಬೀಳಬೇಕು, ನಿಮಗೆ ಬೇಸರವಿಲ್ಲ ತಾನೇ ಎಂದಿದ್ದರು. ಬೇಸರವಿಲ್ಲ ಎಂದು ನಕ್ಕು ಬಂದಿದ್ದಳು. ಯಾರಿಗೆ ಯಾವಾಗ ಏನು ಬೇಕೋ ಅದನ್ನು ಹೇಳಿ ಬರುವುದೇ ಅವಳ ವಿದ್ಯೆಯಾಗಿತ್ತು.

ರೋಸ್ಲಿನ್ ಪಾರ್ಕಿಂಗ್ ಹುಡುಕಲು ಹೋದಳು. ಕೋಣೆ ಅದೇ ಮಹಡಿಯದು, ಆವತ್ತಿನ ಕಿರುಕೋಣೆಯಲ್ಲ. ಟಿಶ್ಯೂ ಡಬ್ಬ, ಮೂರು ಕುರ್ಚಿ, ತಟ್ಟೆಯಲ್ಲಿ ಬಿಸ್ಕತ್ತು. ಕೆಂಪು ಕೂದಲಿನ ನರ್ಸನ್ನು ವೇದಾ ಗುರುತಿಸಿದಳು. ಆ ಮಧ್ಯಾಹ್ನ ಹಾಸಿಗೆಯ ಆ ಬದಿಗೆ ನಿಂತಿದ್ದವಳು. ಅವಳು ಇಬ್ಬರ ಕೈಯನ್ನೂ ಹಿಡಿದುಕೊಂಡು, ಬಂದದ್ದಕ್ಕೆ ಸಂತೋಷ ಎಂದು, ವೇದಾಳ ಕಡೆಗೆ ತಿರುಗಿ, ನಿಮ್ಮ ಅತ್ತೆಗೆ ಕೇಳುವುದೇನಾದರೂ ಇದೆಯೇ ಎಂದಳು. ವೇದಾ ಬಾಯಿ ತೆರೆಯುವುದರೊಳಗೆ ಅತ್ತೆ ಚೀಲದಿಂದ ನೋಟ್‌ಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡರು. ತೆರೆಯಲಿಲ್ಲ. ಅದರ ಮೇಲೆ ಕೈಯಿಟ್ಟು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ಎದುರು ಗೋಡೆ ನೋಡುತ್ತಾ ಹೇಳಿದರು. ‘ಐ ಆ್ಯಮ್ ಹಿಸ್ ಮದರ್. ಹೀ ಈಸ್ ಮೈ ಸೆಕೆಂಡ್ ಸನ್. ಹೀ ಲೈಕ್ಸ್ ಮ್ಯಾಂಗೋ. ಹೀ ಸಿಂಗ್ಸ್ ಇನ್ ದಿ ಬಾತ್‌ರೂಮ್.’ ಇವನ್ನು ಯಾವಾಗ ಮಾಡಿಕೊಂಡರು? ವೇದಾ ಕಲಿಸಿದ ಯಾವ ಪಾಠದಲ್ಲೂ ವಸಂತನಿರಲಿಲ್ಲ. ಅತ್ತೆ ನರ್ಸಿನ ಕಡೆಗೆ ಬೆರಳು ಮಾಡಿದರು. ‘ಯೂ ಆರ್ ದೇರ್. ಐ ಆ್ಯಮ್ ಇನ್ ದಿ ಕ್ಯಾಂಟೀನ್. ಯೂ ಟೆಲ್ ಮೀ.’

ನರ್ಸಿನ ಕಣ್ಣು ತುಂಬಿತು. ವೇದಾಳಿಗೆ ಆ ಕಣ್ಣೀರನ್ನು ಕಂಡು ರೇಗಿತು. ಎಷ್ಟು ಸಲೀಸಾಗಿ ಬರುತ್ತದೆ ಇವರಿಗೆ! ನರ್ಸು ಮುಂದಕ್ಕೆ ಬಾಗಿ, ಮಗುವಿಗೆ ಹೇಳುವಷ್ಟು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು: ನಾವು ಮೆಷಿನ್ ಆಫ್ ಮಾಡಿದಾಗ ನಿಮ್ಮ ಸೊಸೆ ನಿಮ್ಮ ಮಗನ ಕೈ ಹಿಡಿದುಕೊಂಡಿದ್ದರು. ಅಂಥ ನಿರ್ಧಾರ ಬಹಳ ಕಷ್ಟ. ಅವರು ಬಹಳ ಧೈರ್ಯವಂತೆ.

ಅತ್ತೆ ತಿರುಗಿದರು. “ಆಫ್ ಅಂದ್ಲು. ಮೆಷಿನ್ ಅಂದ್ಲು. ಏನು ಆಫ್?”

ಕಾರಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದ್ದರೆ ಮುಗಿಯುತ್ತಿತ್ತು, ಅತ್ತೆ ನಂಬುತ್ತಿದ್ದರು, ಅಥವಾ ನಂಬಿದ ಹಾಗೆ ಇರುತ್ತಿದ್ದರು, ನಾಳೆ ಎಂಟೂವರೆಗೆ ಕಪ್ಪು, ಕುರ್ಚಿ. ಆದರೆ ಧೈರ್ಯವಂತೆ ಎಂಬ ಆ ಮಾತು ಅವಳನ್ನು ಕೆರಳಿಸಿಬಿಟ್ಟಿತ್ತು. ಇವಳ್ಯಾರು ನನಗೆ ಸರಿ ಗುರುತು ಹಾಕಲು?

“ಉಸಿರಾಡಿಸ್ತಿದ್ದ ಮೆಷಿನ್ನು,” ಎಂದಳು ವೇದಾ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. “ತಾನಾಗೇ ಹೋಗಲಿಲ್ಲ ಅವರು. ಇನ್ನು ಬರಲ್ಲ, ನಿಲ್ಲಿಸ್ತೀವಿ ಅಂದ್ರು. ನಾನು ಯೆಸ್ ಅಂದೆ. ನಿಮಗೆ ದೇವರು ಗೀವರು ಅಂತ ಏನೇನೋ ಹೇಳ್ದೆ, ಎಲ್ಲ ಸುಳ್ಳು. ಯೆಸ್ ಅಂದಿದ್ದು ನಾನು. ಏನ್ಮಾಡ್ತೀರೋ ಮಾಡಿ.”

ಅತ್ತೆ ಅಳಲಿಲ್ಲ. ನೋಟ್‌ಬುಕ್ಕಿನ ಮೂಲೆ ಮಡಚಿದ್ದನ್ನು ಹೆಬ್ಬೆರಳಿನಿಂದ ನೇರ ಮಾಡಿದರು. “ನಾನೆಲ್ಲಿದ್ದೆ ಆಗ?”

“ಗೊತ್ತಲ್ಲ ನಿಮಗೆ. ಕ್ಯಾಂಟೀನಿನಲ್ಲಿ.”

“ನೀನು ಕಳಿಸಿದ್ದು.”

“ಹೂಂ.”

“ಗೊತ್ತಿದ್ದೇ ಕಳಿಸಿದ್ದು.”

“ಹೂಂ ಅತ್ತೆ.”

“ರೋಸ್ಲಿನ್ ಕಾಫಿ ಕೊಡಿಸಿದ್ಲು. ಕೇಕ್ ಒಂದು ಕೊಡಿಸಿದ್ಲು, ಮೇಲೆ ಸಕ್ಕರೆ ಇತ್ತು. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ನಾನು. ಚೆನ್ನಾಗಿದೆ ಅಂತ ಪೂರ್ತಿ ತಿಂದೆ.” ಅತ್ತೆ ಬಿಸ್ಕತ್ತಿನ ತಟ್ಟೆಯನ್ನು ಆಚೆ ಸರಿಸಿದರು. “ಮೆಷಿನ್ ನಿಲ್ಲಿಸಿದ್ದು ನೀನು ಅಂತೀಯ. ಇರಲಿ. ನೀನು ಹೆಂಡ್ತಿ, ಡಾಕ್ಟ್ರು ಹೇಳಿದಾರೆ, ಅದು ನಿನ್ನ ಕೆಲಸ. ಅದನ್ನ ನಾನು ಕೇಳಲ್ಲ. ನನ್ನ ಆಚೆ ಕಳಿಸೋಕೆ ನೀನ್ಯಾರೇ? ಹುಟ್ಟುವಾಗ ಯಾರಿದ್ದರು ಅವನ ಹತ್ರ? ನನ್ನ ಕೇಕ್ ತಿನ್ನೋಕೆ ಕೂರಿಸಿ—”

“ಭಾವ ಹೇಳಿದ್ರು. ಅಮ್ಮಂಗೆ ಹೇಳ್ಬೇಡ, ತಡ್ಕೊಳಲ್ಲ ಅಂತ.”

“ಅವನು ಬ್ರಿಸ್ಬೇನಿನಲ್ಲಿದ್ದ. ಬಾಗಿಲ ಹತ್ರ ಇದ್ದಿದ್ದು ನೀನು.”

ಒಂದು ವರ್ಷ ಅವಳು ತಪ್ಪೆಂದು ಹೊತ್ತಿದ್ದು ಒಂದು, ತಪ್ಪು ಇದ್ದದ್ದು ಇನ್ನೊಂದರಲ್ಲಿ. ನರ್ಸು ಇಬ್ಬರ ಮುಖವನ್ನೂ ನೋಡುತ್ತಾ, ನಾನೇನಾದರೂ ತಪ್ಪು ಹೇಳಿದೆನೇ ಎಂದು ಮೆಲ್ಲಗೆ ಕೇಳಿದಳು.

“ಹೇಳು ಈಗ,” ಎಂದರು ಅತ್ತೆ. “ನಾನು ತಿಂತಾ ಇದ್ದಾಗ ಇಲ್ಲೇನಾಯ್ತು. ಮೊದಲಿಂದ ಹೇಳು. ಮುಖ ಹ್ಯಾಗಿತ್ತು? ಕಣ್ಣು ಬಿಟ್ಟನಾ?”

ವೇದಾ ಹೇಳಲು ಹೊರಟಳು. ಹದಿನೇಳು ನಿಮಿಷ. ಕೈ ಬೆಚ್ಚಗಿತ್ತು. ಪೈಪು ತೆಗೆದರು. ಆಮೇಲೆ? ಆಮೇಲೆ ಅವಳು ಕಿಟಕಿಯ ಆಚೆ ನೋಡಿದ್ದಳು. ಕೆಳಗೆ ಕಾರುಗಳ ನಡುವೆ ಒಬ್ಬ ಗಂಡಸು ಮಗುವಿನ ತಳ್ಳುಗಾಡಿಯನ್ನು ಮಡಚಲು ಹೆಣಗುತ್ತಿದ್ದ; ಒಂದು ಚಕ್ರ ಮಡಚಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಅವನು ಒದ್ದ. ಕೊನೆಗೆ ಮಡಚದೆಯೇ ಡಿಕ್ಕಿಗೆ ತುರುಕಿದ. ಅಷ್ಟು ಹೊತ್ತೂ ಅವಳು ಅವನನ್ನೇ ನೋಡಿದ್ದಳು. ಯಾರೋ ಭುಜ ಮುಟ್ಟಿದಾಗ ತಿರುಗಿದಳು, ಆಗ ಆಗಿಹೋಗಿತ್ತು. ಕೈಯನ್ನು ಬಿಟ್ಟಿರಲಿಲ್ಲ. ನೋಡಿರಲಿಲ್ಲ. ತಾಯಿಯನ್ನು ಕೆಳಗೆ ಕಳಿಸಿ, ತಾನು ಕಿಟಕಿಯಿಂದ ನೋಡುತ್ತಾ ನಿಂತು, ಅವನನ್ನು ಒಬ್ಬನೇ ಹೋಗಲು ಬಿಟ್ಟಿದ್ದಳು.

“ನಂಗೊತ್ತಿಲ್ಲ ಅತ್ತೆ,” ಎಂದಳು. “ನಾನು ನೋಡ್ಲಿಲ್ಲ. ನೋಡಕ್ಕಾಗ್ಲಿಲ್ಲ. ಕಿಟಕಿ ಕಡೆ ತಿರುಗಿಬಿಟ್ಟಿದ್ದೆ.”

ಅತ್ತೆ ಅವಳನ್ನೇ ನೋಡಿದರು. ಆ ನೋಟದಲ್ಲಿ ಕರುಣೆಯೇನೂ ಇರಲಿಲ್ಲ; ವೇದಾಳಿಗೆ ಅದು ಬೇಕಾಗಿಯೂ ಇರಲಿಲ್ಲ. ಆಮೇಲೆ ಅತ್ತೆ ಗದ್ದ ಎತ್ತಿ ನರ್ಸನ್ನು ತೋರಿಸಿದರು.

“ಅವಳು ನೋಡಿರ್ತಾಳೆ. ಕೇಳು. ಒಂದು ಮಾತು ಕೂಡಿಸ್ಬೇಡ, ಒಂದು ಮಾತು ಬಿಡ್ಬೇಡ. ಕೂಡಿಸಿದ್ರೆ ನಂಗೆ ಗೊತ್ತಾಗತ್ತೆ.”

ವೇದಾ ಕೇಳಿದಳು. ತನ್ನ ದನಿ ನಡುಗುವುದು ಅವಳಿಗೇ ಕೇಳಿಸಿತು. ಇಂಗ್ಲಿಷಿನಲ್ಲಿ ಅದು ಎಂದೂ ನಡುಗಿರಲಿಲ್ಲ. ನರ್ಸು ಹೇಳುತ್ತಾ ಹೋದಳು, ವೇದಾ ಒಂದೊಂದನ್ನೂ ಕನ್ನಡದಲ್ಲಿ ಇಡುತ್ತಾ ಹೋದಳು. ಕಣ್ಣು ಬಿಡಲಿಲ್ಲವಂತೆ. ಮೊದಲು ಉಸಿರು ಜೋರಾಗಿತ್ತಂತೆ, ಆಮೇಲೆ ದೂರ ದೂರ ಆಯಿತಂತೆ. ಗಡ್ಡ ಬೆಳೆದಿತ್ತಂತೆ, ಬೆಳಿಗ್ಗೆ ನರ್ಸೇ ಬೋಳಿಸಲು ಹೊರಟು, ಮನೆಯವರು ಏನೆನ್ನುತ್ತಾರೋ ಎಂದು ಬಿಟ್ಟಳಂತೆ. ಇನ್ನೇನು ಕೊನೆಯೆನ್ನುವಾಗ ಒಂದು ಪಾದ ಹೊದಿಕೆಯಿಂದ ಆಚೆ ಬಂದಿತ್ತಂತೆ. ತಣ್ಣಗಿತ್ತು, ಮುಚ್ಚಿದೆ ಎನ್ನುತ್ತಾಳೆ.

“ಯಾವ ಕಾಲು?” ಎಂದರು ಅತ್ತೆ.

ವೇದಾ ಕೇಳಿದಳು. ನರ್ಸು ಕಣ್ಣು ಮುಚ್ಚಿ, ಹಾಸಿಗೆಯ ಪಕ್ಕದಲ್ಲೇ ನಿಂತಿರುವ ಹಾಗೆ ಗಾಳಿಯಲ್ಲಿ ಕೈ ಚಾಚಿ, ಆ ಕಡೆ ಈ ಕಡೆ ಸರಿಸಿ ನೋಡಿದಳು.

“ಎಡಗಾಲಂತೆ.”

“ಹೂಂ,” ಎಂದರು ಅತ್ತೆ. “ಆಮೇಲೆ?”